ಸಹಾಯ ಬೇಕು: ಒಂದೇ ಕಾಮಿಕ್ಸ್ ಲೋಕದಲ್ಲಿ ಚಾಮುಂಡಿ, ಮಾದಪ್ಪ, ಮಂಟೇಸ್ವಾಮಿ
ಗುಂಪಿನ ಹಿರಿಯರಿಗೆ ನಮಸ್ಕಾರ. ಮೈಸೂರಿನಲ್ಲಿ ನಾವು ಮೂವರು ಬರೆಯುತ್ತಿರುವ ಸೂಪರ್‌ಹೀರೋ ಕಾಮಿಕ್ಸ್ ಸರಣಿಯಲ್ಲಿ ಪುರಾಣದ ಚಾಮುಂಡೇಶ್ವರಿ, ಹುಲಿಯೇರಿದ ಮಲೆ ಮಾದಪ್ಪ ಮತ್ತು ಧರೆಗೆ ದೊಡ್ಡವರೆನಿಸಿದ ಮಂಟೇಸ್ವಾಮಿ ಒಂದೇ ಕಥಾಲೋಕದಲ್ಲಿ ಬರಬೇಕಿದೆ. ಅಮೆರಿಕದ ಕಾಮಿಕ್ಸ್ ಕಂಪನಿ ಮಾರ್ವೆಲ್‌ನವರು 1962ರಲ್ಲಿ ನಾರ್ಸ್ (ಉತ್ತರ ಯೂರೋಪಿನ) ಪುರಾಣದ ಥಾರ್‌ನನ್ನೂ 1965ರಲ್ಲಿ ಗ್ರೀಕರ ಹರ್ಕ್ಯುಲಿಸ್‌ನನ್ನೂ ತಂದು ಕಾದಾಡಿಸಿದಾಗ, ಅವರವರ ನೆಲೆಗಳಾದ ಆಸ್‌ಗಾರ್ಡ್ ಮತ್ತು ಒಲಿಂಪಸ್‌ಗಳನ್ನು ಬೇರೆ ಬೇರೆ ಲೋಕಗಳಾಗಿಯೇ ಉಳಿಸಿಕೊಂಡು ಎರಡು ಪುರಾಣಗಳು ಬೆರೆತು ಗೊಂದಲವಾಗುವ ತೊಡಕನ್ನು ತಪ್ಪಿಸಿಕೊಂಡರು. ಆದರೆ ನಮ್ಮ ದೈವಗಳು ಇದೇ ನೆಲದಲ್ಲಿ ನಡೆದಾಡಿದವರು, ಇಂದಿಗೂ ಹರಕೆ ಒಪ್ಪಿಸಿಕೊಳ್ಳುವವರು, ಆದ್ದರಿಂದ ಆ ಉಪಾಯ ಇಲ್ಲಿ ಒಗ್ಗುವುದಿಲ್ಲ. ಚಾಮುಂಡಿಗೂ ನಂಜನಗೂಡಿನ ನಂಜುಂಡನಿಗೂ ಜನಪದರೇ ಪ್ರೇಮದ ನಂಟು ಕಟ್ಟಿ ಹಾಡಿರುವುದು ನಮಗೆ ಧೈರ್ಯ ಕೊಟ್ಟಿದೆ (ಮಹಿಷನನ್ನು ಬರಿಯ ಖಳನಾಗಿಸಲು ಮಾತ್ರ ನನಗೆ ಮನಸ್ಸಿಲ್ಲ). ಮಂಟೇಸ್ವಾಮಿಯ ಕಥೆ ಹಾಡುವ ಮಳವಳ್ಳಿ ಕಡೆಯ ನೀಲಗಾರರ ಅಥವಾ ಮಾದಪ್ಪನ ಕಥೆ ಹಾಡುವ ಕಂಸಾಳೆ ಕಲಾವಿದರ ಪರಿಚಯವಿರುವವರು, ಭಕ್ತರ ಮನಸ್ಸು ನೋಯದಂತೆ ಯಾವ ಪ್ರಸಂಗಗಳನ್ನು ಬಳಸಬಹುದು, ಯಾವುದನ್ನು ಮುಟ್ಟಲೇಬಾರದು ಎಂಬುದನ್ನು ಅವರಿಂದ ಕೇಳಿ ತಿಳಿಸಿಕೊಡಬೇಕೆಂದು ಕೋರುತ್ತೇನೆ.