ಅಯೋವಾದ ಕೋವಿಡ್ ಪರಿಹಾರ: ಒಂದೇ ರಸ್ತೆಯ ಮೂವರು ರೈತರಿಗೆ ಇಷ್ಟು ಅಂತರ ಏಕೆ?

ಪ್ರಶ್ನೆ:
ನಾನಿರುವುದು ಅಮೆರಿಕದ ಅಯೋವಾ ರಾಜ್ಯದ ಒಂದು ಹಳ್ಳಿಗಾಡಿನ ಕೌಂಟಿಯಲ್ಲಿ. ಮನೆಯಿಂದ ಹೊರಬಿದ್ದರೆ ಕಾಣುವುದು ಮೆಕ್ಕೆಜೋಳ, ಸೋಯಾ ಮತ್ತು ಹಂದಿ ಶೆಡ್ಡುಗಳು ಮಾತ್ರ. ಕೋವಿಡ್ ನಷ್ಟಕ್ಕೆಂದು ಕೇಂದ್ರ ಕೃಷಿ ಇಲಾಖೆಯು 2020ರಲ್ಲಿ ಎರಡನೆಯ ಸುತ್ತಿನಲ್ಲಿ ಕೊಟ್ಟ ಹಣದಲ್ಲಿ ನಮ್ಮ ರಸ್ತೆಯ ತರಕಾರಿ ಬೆಳೆಗಾರರೊಬ್ಬರಿಗೆ 1,908 ಡಾಲರ್ ಬಂತು. ಎರಡು ಮೈಲಿ ಆಚೆ ಹಂದಿ ಸಾಕುವವರಿಗೆ 2,30,000 ಡಾಲರ್ ಬಂದಿತೆಂದು ಅವರೇ ಹೇಳಿದರು. ಇವರಿಬ್ಬರ ನಡುವೆ ನಾಲ್ಕು ದೊಡ್ಡ ಶೆಡ್ಡುಗಳಲ್ಲಿ ಹಂದಿ ಸಾಕಿದ ಇನ್ನೊಬ್ಬರಿಗೆ ಆ ವರ್ಷ ಚಿಕ್ಕಾಸೂ ಸಿಗಲಿಲ್ಲ. ಇದು ಶಿಫಾರಸಿನ ಫಲವೋ ಲೆಕ್ಕದ ಫಲವೋ, ತಿಳಿದವರು ದಯವಿಟ್ಟು ವಿವರಿಸಿ.

ಮೊದಲ ಉತ್ತರ:
ಶಿಫಾರಸಿಗೆ ಅಲ್ಲಿ ಎಡೆಯಿರಲಿಲ್ಲ, ಏಕೆಂದರೆ ದರಗಳೆಲ್ಲ ಮೊದಲೇ ನಿಗದಿಯಾಗಿದ್ದವು. ನೆರೆಯವರ ಅರ್ಜಿಗಳಿಗೆ ಲೆಕ್ಕ ಹಾಕಿಕೊಟ್ಟ ಅನುಭವದಿಂದ ಹೇಳುತ್ತಿದ್ದೇನೆ. ಎರಡನೆಯ ಸುತ್ತಿನ ಅರ್ಜಿಗಳನ್ನು ಸೆಪ್ಟೆಂಬರ್ 21ರಿಂದ ಡಿಸೆಂಬರ್ 11ರವರೆಗೆ ಕೌಂಟಿಯ ಫಾರ್ಮ್ ಸರ್ವೀಸ್ ಏಜೆನ್ಸಿ ಕಚೇರಿಗಳು ಪಡೆದವು. ತರಕಾರಿಗೆ 2019ರ ಮಾರಾಟವೇ ಆಧಾರವಾಗಿತ್ತು. ಮೊದಲ 49,999 ಡಾಲರ್‌ವರೆಗೆ ಶೇ. 10.6 ಕೊಟ್ಟರು. ನಿಮ್ಮ ಬೆಳೆಗಾರರು ಆ ವರ್ಷ 18,000 ಡಾಲರ್ ಮಾಲು ಮಾರಿರಬೇಕು, ಗುಣಿಸಿದರೆ ಸರಿಯಾಗಿ 1,908 ಬರುತ್ತದೆ. ಹಂದಿಗೆ ತಲೆಗೆ 23 ಡಾಲರ್; 2020ರ ಏಪ್ರಿಲ್ 16ರಿಂದ ಆಗಸ್ಟ್ 31ರೊಳಗಿನ ಯಾವುದಾದರೊಂದು ದಿನವನ್ನು ರೈತರೇ ಆರಿಸಿ ಆ ದಿನದ ಸಂಖ್ಯೆಯನ್ನು ಬರೆಯಬಹುದಿತ್ತು, ಹಾಗಾಗಿ ಶೆಡ್ಡು ತುಂಬಿದ್ದ ದಿನವನ್ನೇ ಎಲ್ಲರೂ ಆರಿಸಿದರು ಎನ್ನಲು ಜ್ಯೋತಿಷ್ಯ ಬೇಕಿಲ್ಲ. ಹತ್ತು ಸಾವಿರ ಹಂದಿಗಳಿಗೆ 2,30,000 ಆಯಿತು. ವ್ಯಕ್ತಿಗೆ 2,50,000 ಡಾಲರ್ ಮಿತಿಯಿತ್ತಾದರೂ, ದುಡಿಮೆಯಲ್ಲಿ ಪಾಲಿರುವ ಮೂವರು ಸದಸ್ಯರ ಕಂಪನಿಯಾದರೆ ಅದು 7,50,000ದವರೆಗೆ ಏರುತ್ತಿತ್ತು.

ಎರಡನೆಯ ಉತ್ತರ:
ಮೂರನೆಯವರು ಗುತ್ತಿಗೆ ಸಾಕಣೆದಾರರಿರಬೇಕು. ಶೆಡ್ಡು, ಸಾಲ, ಗೊಬ್ಬರದ ಗುಂಡಿಯ ವಾಸನೆ ಎಲ್ಲವೂ ಅವರದು, ಹಂದಿ ಮಾತ್ರ ಕಂಪನಿಯದು. ಪರಿಹಾರವನ್ನು ಬೆಲೆ ಕುಸಿತದ ನಷ್ಟ ಹೊತ್ತವರಿಗೆ ಮೀಸಲಿಟ್ಟಿದ್ದರಿಂದ ಇವರು ಹೊರಗುಳಿದರು. ಆದರೆ ಆ ಏಪ್ರಿಲ್‌ನಲ್ಲಿ ಹಂದಿ ಕಡಿದು ಮಾಂಸ ಮಾಡುವ ಎರಡು ದೊಡ್ಡ ಕಾರ್ಖಾನೆಗಳು, ಪಕ್ಕದ ಸೌತ್ ಡಕೋಟಾ ರಾಜ್ಯದ ಸೂ ಫಾಲ್ಸ್‌ನ ಸ್ಮಿತ್‌ಫೀಲ್ಡ್ ಮತ್ತು ಅಯೋವಾದ ವಾಟರ್‌ಲೂವಿನ ಟೈಸನ್, ಕಾರ್ಮಿಕರಿಗೆ ಸೋಂಕು ತಗಲಿ ಮುಚ್ಚಿದಾಗ, ಬಲಿತ ಹಂದಿಗಳು ಹೊತ್ತಿಗೆ ಸಾಗದೆ, ಆಮೇಲೆ ಮುಂದಿನ ಮರಿಗಳ ತಂಡ ಬಾರದೆ, ಖಾಲಿ ಶೆಡ್ಡಿನ ಕಂತನ್ನು ಕಟ್ಟುವ ಪಾಡು ಇವರದೇ ಆಗಿತ್ತು. 2021ರ ಆಗಸ್ಟ್‌ನಲ್ಲಿ ನಿಯಮ ಬದಲಿಸಿ ಗುತ್ತಿಗೆಯವರ ಆದಾಯ ನಷ್ಟದ ಶೇ. 80ರವರೆಗೆ ಕೊಡಲು ಒಪ್ಪಿದರು. ಅರ್ಜಿಯ ಕೊನೆಯ ದಿನ ಅಕ್ಟೋಬರ್ 12. ಅವರು ಆಗ ಅರ್ಜಿ ಹಾಕಿದ್ದರೇ ಎಂದು ವಿಚಾರಿಸಿ.

ಮೂರನೆಯ ಉತ್ತರ:
ನಾನು ಕರ್ನಾಟಕದ ಸೇವಂತಿಗೆ ಬೆಳೆಗಾರ, ಆ ವೇಳೆಗೆ ಹೂವನ್ನು ಹೊಲದಲ್ಲೇ ಉತ್ತವನು. 2020ರ ಮೇ ತಿಂಗಳಲ್ಲಿ ನಮ್ಮ ಸರ್ಕಾರ ಹೂವಿಗೆ ಹೆಕ್ಟೇರಿಗೆ 25,000 ರೂಪಾಯಿ ಘೋಷಿಸಿತು, ಅದೂ ಒಂದು ಹೆಕ್ಟೇರಿಗೆ ಮಾತ್ರ. ನಾನು ಮಿತಿಯನ್ನು ಮೆಚ್ಚಿದೆ, ಏಕೆಂದರೆ ಹತ್ತು ಎಕರೆಯವನಿಗೂ ಎರಡೂವರೆ ಎಕರೆಯವನಿಗೂ ಸಿಕ್ಕಿದ್ದು ಒಂದೇ ಮೊತ್ತ. ಆದರೆ ನನ್ನದು ವಾರದ ಜಮೀನು, ಅಂದರೆ ಬೆಳೆಯಲ್ಲಿ ಪಾಲು ಕೊಡುವ ಕರಾರಿನ ಮೇಲೆ ಬೇರೆಯವರಿಂದ ಪಡೆದದ್ದು. ಪಹಣಿಯಲ್ಲಿ ಮಾಲೀಕರ ಹೆಸರಿತ್ತು, ಹಣವೂ ಅವರ ಖಾತೆಗೇ ಹೋಯಿತು. ನಿಮ್ಮ ಖಾಲಿ ಶೆಡ್ಡಿನವರ ಸಂಕಟ ನನಗೆ ಅರ್ಥವಾಗುತ್ತದೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದ. ತರಕಾರಿಯವರನ್ನು ಕೇಳಿದೆ, ಮಾರಾಟ 18,000 ಡಾಲರೇ ಅಂತೆ. ಸಂತೆಯ ಲೆಕ್ಕ ಬರೆದ, ಟೊಮೇಟೊ ಕಲೆ ಹತ್ತಿದ ನೋಟುಪುಸ್ತಕವನ್ನೂ ತೋರಿಸಿದರು. ಶೆಡ್ಡಿನವರಿಗೆ 2021ರ ಬದಲಾವಣೆಯ ಸುದ್ದಿ ತಲುಪಿದ್ದು ಆ ನವೆಂಬರ್‌ನಲ್ಲಂತೆ.