ಮೈಸೂರು ಝೂ: ಮಲಗಿದ ಹುಲಿ, ಹೆಣ್ಣಿಲ್ಲದ ಗೊರಿಲ್ಲಾ ಮನೆ

(ಝೂಗಳಲ್ಲಿ ಪಶುವೈದ್ಯರಾಗಿದ್ದು ನಿವೃತ್ತರಾದ ಸದಸ್ಯರೊಬ್ಬರು ಈ ವಾರ ನಮ್ಮ ಗುಂಪಿನ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ.)

ಪ್ರಶ್ನೆ: ಡಾಕ್ಟರೇ, ಮೊನ್ನೆ ಮಕ್ಕಳನ್ನು ಮೈಸೂರು ಝೂಗೆ ಕರೆದುಕೊಂಡು ಹೋಗಿದ್ದೆ. ಮಧ್ಯಾಹ್ನದ ಹೊತ್ತು. ಹುಲಿ ಒಂದು ಮೂಲೆಯಲ್ಲಿ ಬಿದ್ದುಕೊಂಡಿತ್ತು, ಎಷ್ಟು ಹೊತ್ತಾದರೂ ಏಳಲೇ ಇಲ್ಲ. ಅದಕ್ಕೆ ಹುಷಾರಿರಲಿಲ್ವಾ? ಮತ್ತಿನ ಔಷಧಿ ಕೊಟ್ಟಿರುತ್ತಾರೆ ಅಂತ ಪಕ್ಕದಲ್ಲಿದ್ದವರು ಹೇಳಿದರು.

ಉತ್ತರ: ದಿನಾ ಮತ್ತಿನ ಔಷಧಿ ಕೊಟ್ಟರೆ ಹುಲಿ ಉಳಿಯುತ್ತಾ ಮೇಡಂ? ಅದೂ ಬೆಕ್ಕೇ ತಾನೆ. ದಿನದ ಅರ್ಧಕ್ಕಿಂತ ಜಾಸ್ತಿ ಹೊತ್ತು ಮಲಗಿಯೇ ಕಳೆಯುತ್ತದೆ, ಕಾಡಿನಲ್ಲೂ ಅಷ್ಟೇ. ಮಧ್ಯಾಹ್ನದ ಬಿಸಿಲಲ್ಲಂತೂ ಕೇಳಲೇಬೇಡಿ.

ನನಗೆ ಭಯ ಹುಟ್ಟಿಸುತ್ತಿದ್ದುದು ಮಲಗಿದ ಹುಲಿಯಲ್ಲ. ಒಂದೇ ಗೆರೆಯ ಮೇಲೆ ಅತ್ತಿಂದಿತ್ತ ಗಂಟೆಗಟ್ಟಲೆ ಓಡಾಡುವ ಹುಲಿ. ನೋಡುವವರಿಗೆ ಅದೇ ಖುಷಿ, ಫೋಟೋಗೂ ಚೆನ್ನಾಗಿ ಸಿಗುತ್ತದೆ. ಆದರೆ ಅದು ಬೇಸರದ, ಒತ್ತಡದ ಗುರುತು. ಹುಷಾರಿದೆಯೋ ಇಲ್ಲವೋ ತಿಳಿಯಲು ನಾನು ಬೆಳಿಗ್ಗೆ ಎದ್ದು ಮೊದಲು ಕೀಪರ್‌ನ್ನು ಕೇಳುತ್ತಿದ್ದೆ: ನಿನ್ನೆ ಹಾಕಿದ ಮಾಂಸ ಉಳಿದಿದೆಯಾ? ಲದ್ದಿ ಹೇಗಿದೆ? ಅರ್ಧ ರೋಗ ಅಲ್ಲೇ ಗೊತ್ತಾಗುತ್ತದೆ. ಒಂದು ಮಾತು, ವಾರಕ್ಕೊಂದು ದಿನ ಹುಲಿ ಸಿಂಹಗಳಿಗೆ ಉಪವಾಸ ಹಾಕುವ ರೂಢಿ ಇದೆ. ಅದು ಶಿಕ್ಷೆಯಲ್ಲ. ಕಾಡಿನಲ್ಲಿ ಅವಕ್ಕೆ ದಿನಾ ಬೇಟೆ ಸಿಗುವುದಿಲ್ಲ, ಹೊಟ್ಟೆಯೂ ಅದಕ್ಕೇ ಒಗ್ಗಿದೆ.

ಪ್ರಶ್ನೆ: ಸರ್, ಈ ಝೂ ರಾಜರ ಕಾಲದ್ದಂತೆ, ನಿಜಾನಾ?

ಉತ್ತರ: ನಿಜ. ಚಾಮರಾಜೇಂದ್ರ ಒಡೆಯರ್ ಕಾಲದಲ್ಲಿ, 1892ರಲ್ಲಿ ಶುರುವಾಯಿತು. ಆಗ ಬರೀ 10 ಎಕರೆ, ಹೆಸರು 'ಪ್ಯಾಲೇಸ್ ಝೂ'. ಲಾಲ್‌ಬಾಗ್‌ನಲ್ಲೂ ದುಡಿದ ಜರ್ಮನ್ ತೋಟಗಾರ ಕೃಂಬಿಗಲ್ ಇಲ್ಲಿನ ಉದ್ಯಾನ ರೂಪಿಸಿದವರು. 1909ರಲ್ಲಿ ಚಾಮರಾಜೇಂದ್ರರ ಹೆಸರಿಟ್ಟರು. ಈಗ ವಿಸ್ತೀರ್ಣ 157 ಎಕರೆ. 1972ರಲ್ಲಿ ಅರಣ್ಯ ಇಲಾಖೆಯ ಕೈಗೆ, 1979ರಲ್ಲಿ ಮೃಗಾಲಯ ಪ್ರಾಧಿಕಾರಕ್ಕೆ ಬಂತು. ಕಾರಂಜಿ ಕೆರೆಯೂ ಝೂಗೇ ಸೇರಿದ್ದು, ಟಿಕೆಟ್ ತೆಗೆದುಕೊಳ್ಳುವಾಗ ಅದನ್ನು ಮರೆಯಬೇಡಿ.

ಪ್ರಶ್ನೆ: ನಾನು ಚಿಕ್ಕವಳಿದ್ದಾಗ ಪೋಲೋ ಅಂತ ಒಂದೇ ಒಂದು ಗೊರಿಲ್ಲಾ ಇತ್ತು. ಪಾಪ, ಒಂಟಿಯಾಗಿ ಕೂತಿರುತ್ತಿತ್ತು. ಈಗ ಎರಡಿವೆ, ಆದರೆ ಎರಡೂ ಗಂಡಂತೆ! ಒಂದು ಹೆಣ್ಣು ತರಬಾರದಿತ್ತಾ?

ಉತ್ತರ: ಈ ಪ್ರಶ್ನೆ ಎಲ್ಲರೂ ಕೇಳುತ್ತಾರೆ. ಪೋಲೋ 1995ರಲ್ಲಿ ಐರ್ಲೆಂಡಿನ ಡಬ್ಲಿನ್‌ನಿಂದ ಬಂದವನು. 2014ರಲ್ಲಿ ತೀರಿಕೊಂಡ. ಆಮೇಲೆ ಏಳು ವರ್ಷ ದೇಶದಲ್ಲೇ ಗೊರಿಲ್ಲಾ ಇರಲಿಲ್ಲ. 2021ರಲ್ಲಿ ಜರ್ಮನಿಯಿಂದ ಥಾಬೋ, ಡೆಂಬಾ ಬಂದರು.

ಗಂಡುಗಳನ್ನೇ ಯಾಕೆ ತಂದರು ಅಂದರೆ, ಗೊರಿಲ್ಲಾ ಸಂಸಾರದ ಲೆಕ್ಕವೇ ಬೇರೆ. ಬೆನ್ನು ಬೆಳ್ಳಗಾದ ಒಬ್ಬ ಯಜಮಾನ, ಅವನ ಜೊತೆ ಹಲವು ಹೆಣ್ಣುಗಳು, ಮರಿಗಳು. ಆದರೆ ಹುಟ್ಟುವ ಮರಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಗಂಡು. ಅವೆಲ್ಲ ಎಲ್ಲಿಗೆ ಹೋಗಬೇಕು? ಬೆಳೆದ ಮೇಲೆ ಯಜಮಾನ ಸುಮ್ನೆ ಇರಲ್ಲ, ಓಡಿಸುತ್ತಾನೆ. ಅದಕ್ಕೇ ಝೂಗಳು ಗಂಡುಗಳದ್ದೇ ಗುಂಪು ಮಾಡಿ ಸಾಕುತ್ತವೆ. ಬ್ರಹ್ಮಚಾರಿಗಳ ರೂಮು ಅಂದುಕೊಳ್ಳಿ. ಇಬ್ಬರ ನಡುವೆ ಒಂದು ಹೆಣ್ಣು ಬಿಟ್ಟರೆ ಆ ರೂಮಿನ ಶಾಂತಿ ಹೋಯಿತು ಅಂತಲೇ ಅರ್ಥ. ಪೋಲೋನ ಒಂಟಿತನ ನಿಮಗೆ ನೋವು ತಂದಿತಲ್ಲ, ಇಬ್ಬರನ್ನು ಒಟ್ಟಿಗೆ ತಂದದ್ದು ಅದಕ್ಕಿಂತ ಎಷ್ಟೋ ಮೇಲು.

ಇನ್ನೊಂದು ವಿಷಯ. ನಮ್ಮ ನೆಗಡಿ ಗೊರಿಲ್ಲಾಗೂ ಅಂಟುತ್ತದೆ. ನಿಮಗೆ ಕೆಮ್ಮಿದ್ದರೆ ದಯವಿಟ್ಟು ಅವುಗಳಿಂದ ದೂರವಿರಿ.

ಪ್ರಶ್ನೆ: ಜಿರಾಫೆಗೆ ಜ್ವರ ಬಂದರೆ ಇಂಜೆಕ್ಷನ್ ಹೇಗೆ? ಏಣಿ ಹಾಕುತ್ತೀರಾ? 😄

ಉತ್ತರ: ಏಣಿ ಬೇಡ, ಊದುಗೊಳವೆ ಸಾಕು. ಅದರೊಳಗೆ ಸೂಜಿಯ ಸಿರಿಂಜ್ ಇಟ್ಟು ದೂರದಿಂದ ಊದುತ್ತೇವೆ. ಕಷ್ಟ ಇರುವುದು ಅರಿವಳಿಕೆ ಕೊಡುವಾಗ. ತಲೆಗೆ ರಕ್ತ ಏರಬೇಕಲ್ಲ, ಹಾಗಾಗಿ ಜಿರಾಫೆಯ ರಕ್ತದೊತ್ತಡ ನಮ್ಮದರ ಎರಡರಷ್ಟು. ಮಲಗಿಸಿದಾಗ ಆ ಉದ್ದ ಕತ್ತು ಡೊಂಕಾದರೆ ಉಸಿರಿಗೆ ತೊಂದರೆ. ಹೊಟ್ಟೆಯಲ್ಲಿದ್ದದ್ದು ಗಂಟಲಿಗೆ ಬಂದರೂ ಕಥೆ ಮುಗಿಯಿತು. ಅದಕ್ಕೆ ಕೈ ಹಚ್ಚುವ ಮುಂಚೆ ನಾನು ಹತ್ತು ಸಲ ಯೋಚಿಸುತ್ತಿದ್ದೆ. ಹುಲಿಯೇ ಎಷ್ಟೋ ವಾಸಿ. ಮಾಂಸದ ತುಣುಕು ಕೊಟ್ಟು ಅಭ್ಯಾಸ ಮಾಡಿಸಿದರೆ, ಬಾಲವನ್ನು ಸರಳಿನ ಹೊರಗೆ ಬಿಟ್ಟುಕೊಂಡು ರಕ್ತ ತೆಗೆಸಿಕೊಳ್ಳುತ್ತದೆ.

ಪ್ರಶ್ನೆ: ಚೀತಾ ಅಂದರೆ ಚಿರತೆ ತಾನೆ? ಮಗನ ಜೊತೆ ಜಗಳ ಆಗಿದೆ.

ಉತ್ತರ: ಅಲ್ಲ, ಮಗನ ಪಕ್ಷ ಯಾವುದೋ ಗೊತ್ತಿಲ್ಲ! ಚಿರತೆಯ ಮೈಮೇಲೆ ಗುಲಾಬಿಯಂಥ ಗುಂಪು ಚುಕ್ಕೆ. ಚೀತಾಗೆ ಒಂಟಿ ಗುಂಡು ಚುಕ್ಕೆ, ಕಣ್ಣಿಂದ ಬಾಯಿವರೆಗೆ ಕಪ್ಪು ಗೆರೆ. ಚೀತಾ ಘರ್ಜಿಸುವುದೂ ಇಲ್ಲ, ಹಕ್ಕಿ ಹಾಗೆ ಚಿಲಿಪಿಲಿ ಅನ್ನುತ್ತದೆ.

ಮೊದಲ ಪ್ರಶ್ನೆ ಕೇಳಿದವರು: ಹಾಗಾದರೆ ಹುಲಿ ಎದ್ದಿರುವಾಗ ನೋಡಲು ಯಾವಾಗ ಹೋಗಲಿ ಸರ್?

ಉತ್ತರ: ಬೆಳಿಗ್ಗೆ ಗೇಟು ತೆಗೆದ ತಕ್ಷಣ ಹೋಗಿ. ಮಂಗಳವಾರ ಮಾತ್ರ ಬೇಡ, ಅವತ್ತು ಝೂಗೆ ರಜ.