ಪದ ಬೇಕು: 'ಇನ್‌-ಫಾರ್ಮ್ ಸ್ಟ್ರೈಕರ್' (ಇವತ್ತೇ, ಫ್ಲೆಕ್ಸ್‌ನವರು ಕಾಯುತ್ತಿದ್ದಾರೆ)

ಬೆಳಗಾವಿಯಿಂದ:
ನಮಸ್ಕಾರ. ಭಾನುವಾರ ಕ್ಯಾಂಪ್ ಕಡೆಯ ಫುಟ್ಬಾಲ್ ಹುಡುಗರ ಚರ್ಚೆ ಇದೆ. ಭಾರತ ತಂಡಕ್ಕೆ ಸ್ಟ್ರೈಕರ್, ಅಂದರೆ ಮುಂದೆ ನಿಂತು ಗೋಲು ಹೊಡೆಯೋ ಆಟಗಾರನನ್ನ, ಆರಿಸುವಾಗ ಹೆಸರು ನೋಡಬೇಕೋ, ಈಗಿನ ಆಟ ನೋಡಬೇಕೋ ಅಂತ. 'ಇನ್‌-ಫಾರ್ಮ್', ಅಂದರೆ ಸದ್ಯ ಚೆನ್ನಾಗಿ ಆಡುತ್ತಿರೋ, ಅನ್ನೋದಕ್ಕೆ ಬ್ಯಾನರ್‌ಗೆ ಕನ್ನಡ ಬೇಕು. ಪೇಪರಿನ 'ಲಯದಲ್ಲಿರುವ' ಅನ್ನೋದು ಹುಡುಗರಿಗೆ ಭಜನೆಯ ಮಾತು ಅನಿಸುತ್ತದೆ. ಅವರು ಹೇಳೋದು 'ಫುಲ್ ಫಾರ್ಮಿನ್ಯಾಗ ಅದಾನ' ಅಂತ. ಮನಸ್ಸಿನಲ್ಲಿರೋದು ಸುನಿಲ್ ಚೆಟ್ರಿ. 2024ರ ಜೂನ್‌ನಲ್ಲಿ ಭಾರತ ತಂಡದಿಂದ ನಿವೃತ್ತಿಯಾದರು, ಮುಂದಿನ ಐಎಸ್‌ಎಲ್‌ನಲ್ಲಿ (ದೇಶದ ಕ್ಲಬ್‌ಗಳ ಲೀಗ್) ಬೆಂಗಳೂರು ಎಫ್‌ಸಿಗೆ 14 ಗೋಲು ಹೊಡೆದರು, ಭಾರತೀಯರಲ್ಲಿ ಅವರದೇ ಜಾಸ್ತಿ. ಋತು ಮುಗಿಯುವ ಮೊದಲೇ, 2025ರ ಮಾರ್ಚ್‌ನಲ್ಲಿ, 40ನೇ ವಯಸ್ಸಿನಲ್ಲಿ ಮತ್ತೆ ತಂಡಕ್ಕೆ ಕರೆ ಬಂತು. ಇಂಥವರಿಗೆ ಏನನ್ನೋಣ?

ಬಾಗಲಕೋಟೆಯಿಂದ:
ಲಯ ಬೇಡವೇ ಬೇಡ. ಸೃಷ್ಟಿ, ಸ್ಥಿತಿ, ಲಯ ಗೊತ್ತಲ್ಲ? ತಂಡಕ್ಕೆ ಆರಿಸುವ ಹೊತ್ತಿಗೆ ನಾಶದ ಮಾತು ಯಾಕೆ? 'ಆಟ ಕುದುರಿದ' ಅನ್ನಿ. ಕೈ ಕುದುರುತ್ತದೆ, ವ್ಯಾಪಾರ ಕುದುರುತ್ತದೆ, ಆಟ ಯಾಕೆ ಕುದುರಬಾರದು. ಸ್ಟ್ರೈಕರ್‌ಗೆ 'ಗೋಲಿಗ'. ಗಾಣಿಗ ಇದ್ದ ಹಾಗೆ. ಸ್ಟ್ರೈಕರ್ ಅಂದರೆ ನಮ್ಮೂರಲ್ಲಿ ಇವತ್ತಿಗೂ ಕೇರಂ ಬೋರ್ಡಿನದು.

ವಿಜಯಪುರದಿಂದ:
ಗೋಲಿಗ ಅಂದರೆ ಗೋಲಿ ಆಡುವವನಾ? ಸುಮ್ನೆ ಏನೋ ಹೊಸೆಯಬೇಡಿ. ಕುದುರು ಕೂಡ ಸರಿಯಿಲ್ಲ. ಕೈ ಕುದುರೋದು ಪಳಗಿ ಪಳಗಿ, ಒಮ್ಮೆ ಕುದುರಿದರೆ ಉಳಿಯುತ್ತದೆ. ಫಾರ್ಮ್ ಹಾಗಲ್ಲ. ಅದೇ ಚೆಟ್ರಿ ಮಾರ್ಚ್ 19ಕ್ಕೆ ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ಮೇಲೆ ಗೋಲು ಹೊಡೆದರು, 25ಕ್ಕೆ ಅಲ್ಲೇ ಬಾಂಗ್ಲಾದೇಶದ ಮೇಲೆ 0-0. ಕಲಿತದ್ದು ಆರು ದಿನದಲ್ಲಿ ಹೋಯಿತಾ? ಇಲ್ಲ, ಹದ ತಪ್ಪಿತು ಅಷ್ಟೇ. ಪದ ಅಲ್ಲೇ ಇದೆ: 'ಹದದಲ್ಲಿರುವ'. ಪಾಕಕ್ಕೂ ಹೊಲಕ್ಕೂ ಬಳಸುವ ಅಚ್ಚಗನ್ನಡ.

ಬಾಗಲಕೋಟೆಯಿಂದ:
ಕುದುರಿದ ವ್ಯಾಪಾರ ಬೀಳೋದೇ ಇಲ್ವಾ? ಹದ ಅಂದರೆ ಬ್ಯಾನರ್ ನೋಡಿದವರು ಅಡುಗೆ ಸ್ಪರ್ಧೆ ಅಂದುಕೊಳ್ಳುತ್ತಾರೆ.

ಬೆಳಗಾವಿಯಿಂದ, ಇನ್ನೊಬ್ಬರು:
ಇಬ್ಬರೂ ಅಚ್ಚಗನ್ನಡ ಅಂತ ಎದೆ ಬಡಿದುಕೊಳ್ಳುತ್ತೀರಿ, ಗೋಲು ಎಲ್ಲಿಂದ ಬಂತು? ಮೈದಾನ ಎಲ್ಲಿಯದು? ಇಲ್ಲಿ ಅರ್ಧ ಸಂತೆ ಮರಾಠಿ ಬೆರೆಸಿ ಮಾತಾಡುತ್ತದೆ, ಕನ್ನಡ ಏನೂ ಸತ್ತಿಲ್ಲ. 'ಮುಂಚೂಣಿ ಆಟಗಾರ' ಅಂತ ಯಾರೋ ಈಗ ಬರೆಯುತ್ತಾರೆ, ಅದೂ ಬೇಡ, ಅದರಲ್ಲಿ ಅಂಚಿನಲ್ಲಿ ಆಡುವ ವಿಂಗರ್‌ಗಳೂ ಬರುತ್ತಾರೆ. ಸ್ಟ್ರೈಕರ್ ಸ್ಟ್ರೈಕರೇ. ಫಾರ್ಮ್ ಫಾರ್ಮೇ. ಐಎಸ್‌ಎಲ್ ಕ್ಲಬ್‌ಗಳು ಸ್ಟ್ರೈಕರ್ ಜಾಗದಲ್ಲಿ ಹೆಚ್ಚಾಗಿ ವಿದೇಶಿಯರನ್ನೇ ಆಡಿಸುತ್ತವೆ, ನಮ್ಮ ಹುಡುಗರಿಗೆ ಅಲ್ಲಿ ಆಡಲು ಸಿಕ್ಕರೆ ತಾನೇ ಫಾರ್ಮ್ ಬರೋದು. ಅದರ ಬಗ್ಗೆ ಚರ್ಚೆ ಮಾಡಿ.

ವಿಜಯಪುರದಿಂದ:
ಬಂದ ಪದವನ್ನೆಲ್ಲ ಒಳಗೆ ಕೂರಿಸಿದರೆ ಪದಚರ್ಚೆ ಯಾಕೆ ಬೇಕು? ಬಾಗಿಲು ಹಾಕಿ ಮನೆಗೆ ಹೋಗೋಣ.

ಬೆಳಗಾವಿಯಿಂದ:
ಎಲ್ಲರಿಗೂ ಧನ್ಯವಾದ. 'ಹೆಸರಿದ್ದವನೋ, ಆಟ ಕುದುರಿದವನೋ: ನಮ್ಮ ಸ್ಟ್ರೈಕರ್ ಯಾರು?' ಅಂತ ಕೊಟ್ಟೆ. ಪ್ರಿಂಟ್ ಆಗುತ್ತಿದೆ, ಇನ್ನು ಬದಲಾಯಿಸಲು ಆಗಲ್ಲ.